ಸರ್ಕಾರಿ ಸೀಟು ಮತ್ತು ಊರಿನ ಅಮಾನತ್ತು

ಓದಿ ಡಾಕ್ಟರಾದವರು ಹಳ್ಳಿಗೆ ಹೋಗಬೇಕು ಎಂಬ ಮಾತನ್ನು ನಾವು ಎರಡು ಕಡೆ ಕೇಳುತ್ತ ಬಂದಿದ್ದೇವೆ. ಒಂದು ಕತೆ, ಕಾದಂಬರಿ, ಸಿನಿಮಾಗಳಲ್ಲಿ. ಇನ್ನೊಂದು ಸರ್ಕಾರದ ಕಾನೂನು ಸುತ್ತೋಲೆಗಳಲ್ಲಿ. ಮೊದಲನೆಯದರಲ್ಲಿ ಹಳ್ಳಿಗೆ ಹೋಗುವ ಡಾಕ್ಟರ್ ಒಬ್ಬ ತ್ಯಾಗಿ. ಎರಡನೆಯದರಲ್ಲಿ ಅವನು ಬಾಕಿದಾರ. ಮೇಲುನೋಟಕ್ಕೆ ಈ ಎರಡು ಚಿತ್ರಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಎರಡರ ಬೇರೂ ಒಂದೇ. ಹಳ್ಳಿ ಮತ್ತು ಸಣ್ಣ ಊರು ಎಂದರೆ ಯಾರೂ ತಾವಾಗಿ ಇರಲು ಬಯಸದ ಜಾಗ ಎಂದು ಎರಡೂ ಮೊದಲೇ ಒಪ್ಪಿಕೊಂಡುಬಿಟ್ಟಿವೆ. ಅಲ್ಲೇ ಹುಟ್ಟಿ, ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿತು, ಸರ್ಕಾರದ ದುಡ್ಡಿನಲ್ಲಿ ಮೆಡಿಕಲ್ಲೋ ಡೆಂಟಲ್ಲೋ ಮುಗಿಸಿದ ಹುಡುಗ ಅಥವಾ ಹುಡುಗಿ ತನ್ನ ಮನೆಗೆ ಮರಳಿ ಅಲ್ಲೇ ಬೋರ್ಡು ಹಾಕುವ ಸಾಧಾರಣ ಸಂಗತಿಗೆ ನಮ್ಮ ಸಾಹಿತ್ಯದಲ್ಲೂ ಜಾಗವಿಲ್ಲ, ಕಾನೂನಿನಲ್ಲೂ ಜಾಗವಿಲ್ಲ. ಈ ಕೊರತೆಯನ್ನು ಸ್ವಲ್ಪ ವಿವರವಾಗಿ ನೋಡಬೇಕೆನಿಸುತ್ತದೆ.

ಮೊದಲು ಕತೆಗಳು. ಉರ್ದು ಓದುಗರಿಗೆ ಖ್ವಾಜಾ ಅಹ್ಮದ್ ಅಬ್ಬಾಸ್ ಹೊಸಬರಲ್ಲ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಜೀವನವನ್ನು ಪುಸ್ತಕವಾಗಿ ಬರೆದವರು ಅವರು. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ನಾಲ್ವರು ಮರಳಿದರು, ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಅಬ್ಬಾಸರ ಪುಸ್ತಕದ ಹೆಸರಿನ ಅರ್ಥವೇ ‘ಒಬ್ಬ ಮಾತ್ರ ಮರಳಲಿಲ್ಲ’ ಎಂದು. 1946ರಲ್ಲಿ ವಿ. ಶಾಂತಾರಾಂ ಅದನ್ನು ಸಿನಿಮಾ ಮಾಡಿದರು. ಅದು ನಮ್ಮ ದೇಶದ ಬಹು ಜನಪ್ರಿಯ ವೈದ್ಯಕಥೆ. ಕೋಟ್ನಿಸರ ದೊಡ್ಡತನದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ನಾವು ತಲೆಯ ಮೇಲೆ ಹೊತ್ತು ಮೆರೆಸಿದ ಡಾಕ್ಟರ್ ಮರಳಿ ಬಾರದ ಡಾಕ್ಟರ್ ಎಂಬುದನ್ನು ಮಾತ್ರ ಗಮನಿಸಬೇಕು. ಊರು ಬಿಟ್ಟು ಹೋದಷ್ಟೂ, ದೂರ ಹೋದಷ್ಟೂ ವೈದ್ಯ ದೊಡ್ಡವನಾಗುತ್ತಾನೆ ಎಂಬ ನಂಬಿಕೆ ಅಲ್ಲಿಂದ ಇಲ್ಲಿಯವರೆಗೆ ನಡೆದು ಬಂದಿದೆ. ಚೀನಾದ ಜಾಗದಲ್ಲಿ ಈಗ ಲಂಡನ್, ರಿಯಾದ್, ದುಬೈ ಬಂದಿವೆ. ಸೇವೆಯ ಜಾಗದಲ್ಲಿ ಸಂಬಳ ಬಂದಿದೆ. ಹೊಗಳಿಕೆ ಮಾತ್ರ ಹಾಗೇ ಇದೆ.

ತಾರಾಶಂಕರ ಬಂದ್ಯೋಪಾಧ್ಯಾಯರ ‘ಆರೋಗ್ಯ ನಿಕೇತನ’ ಇದಕ್ಕಿಂತ ಗಟ್ಟಿಯಾದ ಕೃತಿ. 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಬಂಗಾಳಿ ಕಾದಂಬರಿಯಲ್ಲಿ ನಾಡಿ ಹಿಡಿದೇ ಸಾವಿನ ಸೂಚನೆ ಹೇಳಬಲ್ಲ ಮುದುಕ ಜೀವನ ಮಶಾಯ್ ಇದ್ದಾನೆ, ಅವನನ್ನು ಮೂಢನೆಂದು ಬಗೆಯುವ ಹೊಸ ಕಾಲದ ಡಾಕ್ಟರ್ ಪ್ರದ್ಯೋತ್ ಇದ್ದಾನೆ. ವಿಮರ್ಶಕರು ಇದನ್ನು ಹಳೆಯ ವೈದ್ಯಕ್ಕೂ ಹೊಸ ವೈದ್ಯಕ್ಕೂ ನಡೆಯುವ ಜಗಳವೆಂದು ಓದುತ್ತಾರೆ. ನನಗೆ ಅದು ಊರಿನವನಿಗೂ ಊರಿಗೆ ಬಂದವನಿಗೂ ಇರುವ ಅಂತರದ ಕತೆಯಾಗಿಯೂ ಕಾಣುತ್ತದೆ. ಮಶಾಯ್ ಇಂಗ್ಲಿಷ್ ವೈದ್ಯ ಕಲಿಯಬೇಕೆಂದು ಹೊರಟು, ಅದು ಕೈಗೂಡದೆ, ಮನೆಗೆ ಮರಳಿ ತಂದೆಯ ಬಳಿ ಆಯುರ್ವೇದ ಕಲಿತವನು. ಅವನು ಹಿಡಿಯುವ ಪ್ರತಿ ನಾಡಿಯ ಹಿಂದೆ ಆ ಮನೆತನದ ಎರಡು ಮೂರು ತಲೆಮಾರಿನ ಪರಿಚಯವಿದೆ. ಪ್ರದ್ಯೋತನಿಗೆ ವಿಜ್ಞಾನ ಗೊತ್ತು, ಔಷಧಿ ಗೊತ್ತು, ಆದರೆ ಎದುರಿಗಿರುವ ಮನೆ ಗೊತ್ತಿಲ್ಲ. ಈ ಎರಡು ತಿಳಿವಳಿಕೆಗಳು ಒಬ್ಬನಲ್ಲೇ ಕೂಡಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ದೊಡ್ಡ ಕಾದಂಬರಿಯೂ ಕೇಳಲಿಲ್ಲ.

ಎಪ್ಪತ್ತು ವರ್ಷಗಳ ನಂತರವೂ ನಾವು ಕೇಳುತ್ತಿಲ್ಲ. 2025ರಲ್ಲಿ ಬಂದ ‘ಗ್ರಾಮ ಚಿಕಿತ್ಸಾಲಯ’ ಎಂಬ ಹಿಂದಿ ವೆಬ್ ಸರಣಿಯನ್ನು ನಮ್ಮಲ್ಲೂ ಬಹಳ ಜನ ನೋಡಿದ್ದಾರೆ. ದಿಲ್ಲಿಯ ಪ್ರಭಾತ್ ಎಂಬ ತರುಣ ಡಾಕ್ಟರ್ ಭಟ್ಕಂಡಿ ಎಂಬ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾನೆ. ಕೇಂದ್ರಕ್ಕೆ ಬೀಗ, ಹೋಗುವ ದಾರಿಯಲ್ಲಿ ಪೈರು. ಡಿಗ್ರಿಯೇ ಇಲ್ಲದ ಚೇತಕ್ ಕುಮಾರನ ಬಳಿ ಮಾತ್ರ ರೋಗಿಗಳ ಸಾಲು. ವಿನಯ್ ಪಾಠಕ್ ಆ ಪಾತ್ರವನ್ನು ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ ನೋಡುಗರಿಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಸರಣಿಯ ಪ್ರಾಮಾಣಿಕತೆ ಇರುವುದೇ ಅಲ್ಲಿ. ಜನ ಚೇತಕನ ಬಳಿ ಹೋಗುವುದು ಅವನು ಅವರ ಮಾತು ಆಡುತ್ತಾನೆಂದು, ಕರೆದಾಗ ಸಿಗುತ್ತಾನೆಂದು, ನಾಳೆಯೂ ಇರುತ್ತಾನೆಂದು. ಆದರೂ ಕತೆಯ ಕೇಂದ್ರ ದಿಲ್ಲಿಯಿಂದ ಬಂದ ಹುಡುಗನೇ. ಭಟ್ಕಂಡಿಯಲ್ಲೇ ಹುಟ್ಟಿದ ಯಾವ ಮಗುವೂ ಆ ಕೇಂದ್ರದ ಕುರ್ಚಿಯಲ್ಲಿ ಕೂರಬಹುದೆಂದು ಸರಣಿಗೆ ಹೊಳೆಯುವುದಿಲ್ಲ. ಹಳ್ಳಿಯವರು ರೋಗಿಗಳಾಗಬಹುದು, ಕಾಂಪೌಂಡರ್ ಆಗಬಹುದು, ಹೆಚ್ಚೆಂದರೆ ನಕಲಿ ಡಾಕ್ಟರ್ ಆಗಬಹುದು.

ನಿಜಜೀವನದ ಉದಾಹರಣೆ ಕೊಡುವಾಗಲೂ ನಮ್ಮ ಅಭ್ಯಾಸ ಇದೇ. ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರನ್ನು ಎಲ್ಲ ಭಾಷಣಗಳಲ್ಲೂ ನೆನೆಯುತ್ತೇವೆ. ಸೋಲಿಗರ ನಡುವೆ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು, 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. ಅವರು ತಮ್ಮ ಊರಿಗೆ ಮರಳಿದವರಲ್ಲ, ಬೇರೆಯವರ ಕಾಡನ್ನು ತಮ್ಮದಾಗಿ ಮಾಡಿಕೊಂಡವರು. ಅಂಥವರು ತಲೆಮಾರಿಗೆ ನಾಲ್ಕೈದು ಮಂದಿ ಹುಟ್ಟಬಹುದು. ಒಂದು ರಾಜ್ಯದ ಆರೋಗ್ಯ ಇಲಾಖೆಯನ್ನು ಅವರ ಮಾದರಿಯ ಮೇಲೆ ನಿಲ್ಲಿಸಲಾಗದು. ಅವರ ಕೇಂದ್ರದಿಂದ ಕಲಿಯಬೇಕಾದ ಇನ್ನೊಂದು ಪಾಠವನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ. ಅಲ್ಲಿ ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತರಬೇತು ಮಾಡಿದರು. ಆ ಹುಡುಗಿಯರಿಗೆ ಕಾಡು ಶಿಕ್ಷೆಯೂ ಆಗಿರಲಿಲ್ಲ, ತ್ಯಾಗವೂ ಆಗಿರಲಿಲ್ಲ. ಅದು ಅವರ ಮನೆ.

ಇನ್ನು ಕಾನೂನು. ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಡ್ಡಾಯ ಸೇವಾ ಕಾಯ್ದೆಯನ್ನು ಕರ್ನಾಟಕದ ವಿಧಾನಮಂಡಲ 2012ರಲ್ಲಿ ಒಪ್ಪಿತು. ರಾಷ್ಟ್ರಪತಿಗಳ ಅಂಕಿತವಾಗಿ ಅದು ಜಾರಿಗೆ ಬಂದದ್ದು 2015ರಲ್ಲಿ. ಎಂಬಿಬಿಎಸ್, ಸ್ನಾತಕೋತ್ತರ, ಸೂಪರ್ ಸ್ಪೆಷಾಲಿಟಿ ಮೂರಕ್ಕೂ ಅದು ಅನ್ವಯ. ತಪ್ಪಿಸಿಕೊಂಡರೆ 15 ಲಕ್ಷದಿಂದ 30 ಲಕ್ಷ ರೂಪಾಯಿವರೆಗೆ ದಂಡ. ವರ್ಷಗಟ್ಟಲೆ ಅದು ಹೈಕೋರ್ಟಿನ ಮೆಟ್ಟಿಲು ಹತ್ತಿ ಇಳಿಯಿತು. ಬೇರೆ ರಾಜ್ಯಗಳ ಸೇವಾ ಬಾಂಡುಗಳ ಬಗ್ಗೆ ಸುಪ್ರೀಂ ಕೋರ್ಟು 2019ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು ಬಾಂಡು ಸಿಂಧುವೆಂದಿತು. ದೇಶಕ್ಕೆಲ್ಲ ಒಂದೇ ರೀತಿಯ ನೀತಿ ಇದ್ದರೆ ಒಳ್ಳೆಯದೆಂದೂ ಹೇಳಿತು. 2023ರಲ್ಲಿ ನಮ್ಮ ಸರ್ಕಾರವೇ ಕಾಯ್ದೆಗೆ ತಿದ್ದುಪಡಿ ತಂದು ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಜನರನ್ನು ಮಾತ್ರ ಕರೆದರೆ ಸಾಕೆಂದು ಸಡಿಲಿಸಿತು. ಪಾಸಾಗಿ ಬರುವವರು ಹೆಚ್ಚು, ಕೊಡಲು ಇರುವ ಹುದ್ದೆ ಕಡಿಮೆ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು.

ಈ ಕಾಯ್ದೆಯ ಉದ್ದೇಶ ಒಳ್ಳೆಯದಿತ್ತು ಎಂದೇ ನಾನು ನಂಬುತ್ತೇನೆ. ಜನರ ತೆರಿಗೆಯಲ್ಲಿ ಓದಿದವರು ಜನರಿಗೆ ಒಂದು ವರ್ಷ ಕೊಡುವುದು ಅನ್ಯಾಯವಲ್ಲ. ಆದರೆ ಕಾಯ್ದೆ ಹೊರಿಸುವ ಸಂಬಂಧ ಎಂಥದು ನೋಡಿ. ಓದು ಒಂದು ಸಾಲ, ಸೇವೆ ಅದರ ಕಂತು. ಸಾಲಕ್ಕೆ ಬೆಲೆ ಕಟ್ಟಿದ ಕೂಡಲೇ ದುಡ್ಡಿರುವವನು ದುಡ್ಡು ಬಿಸಾಕಿ ಬಿಡುಗಡೆ ಪಡೆಯುತ್ತಾನೆ. ಬೆಂಗಳೂರಿನಲ್ಲಿ ಸ್ವಂತ ನರ್ಸಿಂಗ್ ಹೋಮ್ ಇರುವ ಮನೆಯ ಹುಡುಗನಿಗೆ 15 ಲಕ್ಷ ಒಂದು ಖರ್ಚು. ಮಾನ್ವಿಯ ದರ್ಜಿಯ ಮಗಳಿಗೆ ಅದು ಮನೆ ಮಾರಿದರೂ ಹುಟ್ಟದ ಮೊತ್ತ. ಹೀಗಾಗಿ ಎಲ್ಲರಿಗೂ ಒಂದೇ ಎಂದು ಬರೆದ ಕಾನೂನು ಬಡವರ ಮಕ್ಕಳ ಮೇಲೆ ಮಾತ್ರ ನಿಜವಾಗಿ ಬೀಳುತ್ತದೆ.

ಎರಡನೆಯ ದೋಷ ಇದಕ್ಕಿಂತ ದೊಡ್ಡದು, ಅದರ ಬಗ್ಗೆ ಚರ್ಚೆ ಕಡಿಮೆ. ಒಂದು ವರ್ಷದ ಡಾಕ್ಟರ್ ರೋಗಿಗೆ ಏನು ಮಾಡಬಲ್ಲ? ಜ್ವರ, ಭೇದಿ, ಗಾಯಕ್ಕೆ ಅವನು ಸಾಕು. ಈಗ ನಮ್ಮ ಊರುಗಳನ್ನು ತಿನ್ನುತ್ತಿರುವುದು ಸಕ್ಕರೆ, ಬಿಪಿ, ಕಿಡ್ನಿ, ಎದೆ. ಇವು ಹತ್ತಿಪ್ಪತ್ತು ವರ್ಷ ಜೊತೆಗಿರುವ ಕಾಯಿಲೆಗಳು. ಇವಕ್ಕೆ ಬೇಕಾದ ಡಾಕ್ಟರನೂ ಹತ್ತಿಪ್ಪತ್ತು ವರ್ಷ ಜೊತೆಗಿರಬೇಕು. ಪ್ರತಿ ವರ್ಷ ಹೊಸ ಮುಖ ಬಂದು ಹಳೆಯ ಚೀಟಿ ನೋಡಿ ಗುಳಿಗೆ ಬದಲಿಸಿದರೆ, ಮುದುಕಿಯೊಬ್ಬಳು ಯಾವುದನ್ನು ನಂಬಬೇಕು? ಆಕೆ ಎಲ್ಲ ಗುಳಿಗೆಗಳನ್ನೂ ಡಬ್ಬಿಗೆ ಹಾಕಿ ಆರ್‌ಎಂಪಿ ಡಾಕ್ಟರ್ ಬಳಿ ಹೋಗುತ್ತಾಳೆ. ಅವನು ಸೂಜಿ ಚುಚ್ಚುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ.

ಸರ್ಕಾರ ದಂಡದ ಜೊತೆಗೆ ಆಸೆಯನ್ನೂ ತೋರಿಸಿದ್ದುಂಟು. ಮೆಡಿಕಲ್ ಕೌನ್ಸಿಲ್ ಕಾಲದ ಸ್ನಾತಕೋತ್ತರ ನಿಯಮಗಳಲ್ಲಿ ದುರ್ಗಮ ಪ್ರದೇಶದಲ್ಲಿ ದುಡಿದ ಸರ್ಕಾರಿ ವೈದ್ಯರಿಗೆ ವರ್ಷಕ್ಕೆ ಶೇಕಡ 10ರಂತೆ, ಗರಿಷ್ಠ 30ರವರೆಗೆ ಹೆಚ್ಚುವರಿ ಅಂಕ ಕೊಡುವ ಅವಕಾಶವಿತ್ತು. ಸೇವೆಯಲ್ಲಿರುವ ವೈದ್ಯರಿಗೆ ಪಿ.ಜಿ. ಸೀಟು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಇವು ಬೇಕು. ಆದರೆ ಈ ಆಸೆಯ ಬಲದಿಂದ ಹಳ್ಳಿಗೆ ಬಂದವನು ಪುಸ್ತಕ ಎದುರಿಗಿಟ್ಟುಕೊಂಡೇ ರೋಗಿ ನೋಡುತ್ತಾನೆ. ಅವನಿಗೆ ಹಳ್ಳಿ ಒಂದು ಮೆಟ್ಟಿಲು. ಮೆಟ್ಟಿಲ ಮೇಲೆ ಯಾರೂ ಮನೆ ಕಟ್ಟುವುದಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಅದನ್ನು ಐವತ್ತು ವರ್ಷಗಳಿಂದ ನಡೆದು ತೋರಿಸಿದ ದೇಶವೂ ಇದೆ. ಜಪಾನಿನ 47 ಪ್ರಾಂತ್ಯಗಳು ಸೇರಿ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವು. ಅದರ ಲೆಕ್ಕ ಬಹಳ ಸರಳ. ಪ್ರತಿ ಪ್ರಾಂತ್ಯ ತನ್ನ ಎರಡು ಮೂರು ಮಕ್ಕಳನ್ನು ಆರಿಸಿ ಕಳಿಸುತ್ತದೆ. ಆರು ವರ್ಷಗಳ ಓದಿನ ಶುಲ್ಕ ಸಾಲದ ರೂಪದಲ್ಲಿ ಸಿಗುತ್ತದೆ. ಓದು ಮುಗಿದ ಮೇಲೆ ಆ ಮಗು ತನ್ನದೇ ಪ್ರಾಂತ್ಯಕ್ಕೆ ಮರಳಿ ಒಂಬತ್ತು ವರ್ಷ ದುಡಿದರೆ ಸಾಲ ಮನ್ನಾ. ಆ ಒಂಬತ್ತರಲ್ಲಿ ಒಂದಿಷ್ಟು ವರ್ಷ ದ್ವೀಪಗಳು, ಗುಡ್ಡಗಾಡಿನ ಆಸ್ಪತ್ರೆಗಳಲ್ಲಿ ಕಳೆಯಬೇಕು. ಬಿಟ್ಟುಹೋದರೆ ಬಡ್ಡಿಸಮೇತ ಒಂದೇ ಗಂಟಿನಲ್ಲಿ ಕಟ್ಟಬೇಕು. ಅಂದರೆ ಬಾಂಡು ಅಲ್ಲೂ ಇದೆ, ನಮ್ಮದಕ್ಕಿಂತ ಬಿಗಿಯಾಗಿಯೇ ಇದೆ. ಆದರೂ ಅಲ್ಲಿ ಬಹುಪಾಲು ಎಲ್ಲರೂ ಅವಧಿ ಪೂರೈಸುತ್ತಾರೆ. ಅವಧಿ ಮುಗಿದ ಮೇಲೂ ಮೂರನೇ ಎರಡಕ್ಕಿಂತ ಹೆಚ್ಚು ಜನ ತಮ್ಮ ಪ್ರಾಂತ್ಯದಲ್ಲೇ ಉಳಿದಿದ್ದಾರೆಂದು ಅಧ್ಯಯನಗಳು ತೋರಿಸಿವೆ. ಎಲ್ಲರೂ ಗುಡ್ಡದ ಮೇಲೇ ಉಳಿಯುವುದಿಲ್ಲ, ಕೆಲವರು ಪಕ್ಕದ ಪಟ್ಟಣಕ್ಕೆ ಇಳಿಯುತ್ತಾರೆ. ಆದರೂ ಪ್ರಾಂತ್ಯ ಅವರನ್ನು ಕಳೆದುಕೊಳ್ಳುವುದಿಲ್ಲ.

ನಮಗೂ ಅವರಿಗೂ ಇರುವ ವ್ಯತ್ಯಾಸ ದಂಡದ ಮೊತ್ತದಲ್ಲಿಲ್ಲ. ಅಲ್ಲಿ ಮಗುವನ್ನು ಆರಿಸಿದವರೂ, ದುಡ್ಡು ಕೊಟ್ಟವರೂ, ಮರಳಿದಾಗ ಕೆಲಸ ಕೊಡುವವರೂ ಒಬ್ಬರೇ. ಹದಿನೆಂಟನೇ ವಯಸ್ಸಿನಲ್ಲೇ ಆ ಹುಡುಗನಿಗೆ ತಾನು ಯಾರ ಡಾಕ್ಟರ್ ಆಗುತ್ತೇನೆ ಎಂಬುದು ಗೊತ್ತು. ನಮ್ಮ ಕಾಯ್ದೆಗೆ ಅಭ್ಯರ್ಥಿಯ ಊರು ಯಾವುದು ಎಂಬುದು ಮುಖ್ಯ ಪ್ರಶ್ನೆಯೇ ಅಲ್ಲ. ಚಾಮರಾಜನಗರದವನು ಔರಾದಿಗೆ, ಬೀದರಿನವನು ಇನ್ನೆಲ್ಲಿಗೋ ಹೋದರೂ ಕಾಯ್ದೆಗೆ ತೃಪ್ತಿ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಮತ್ತೆ 2021ರಲ್ಲಿ ಈ ವಿಷಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಹಳ್ಳಿಯ ಹಿನ್ನೆಲೆಯ ಮಕ್ಕಳಿಗೆ ವೈದ್ಯಕೀಯ ಓದಿನಲ್ಲಿ ಪ್ರವೇಶ ಕೊಡಿ ಎಂಬ ಸಲಹೆ ಎರಡರಲ್ಲೂ ಮುಂಚೂಣಿಯಲ್ಲಿದೆ.

ಈ ದಾರಿಗೆ ಬೇಕಾದ ಅರ್ಧ ಕೆಲಸವನ್ನು ನಾವು ಈಗಾಗಲೇ ಮಾಡಿದ್ದೇವೆ ಎಂಬುದೇ ವಿಚಿತ್ರ. ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಗೆ ಬಂದು, ಈಗ ಕಲ್ಯಾಣ ಕರ್ನಾಟಕ ಎನ್ನುವ ಪ್ರದೇಶದ ಕಾಲೇಜುಗಳಲ್ಲಿ ಶೇಕಡ 70 ಸೀಟು, ರಾಜ್ಯದ ಉಳಿದೆಡೆ ಶೇಕಡ 8 ಸೀಟು ಅಲ್ಲಿಯ ಮಕ್ಕಳಿಗೆ ಸಿಗುತ್ತಿದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಇದೆ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದ ಮಕ್ಕಳಿಗೆ ಶೇಕಡ 7.5 ಮೀಸಲು ಮಾಡಿ, ಮೊದಲ ವರ್ಷವೇ ಸುಮಾರು 400 ಮಕ್ಕಳನ್ನು ಮೆಡಿಕಲ್ ಡೆಂಟಲ್ ಕಾಲೇಜಿನೊಳಗೆ ಕಳಿಸಿತು. ನಮ್ಮ ಸಮುದಾಯಕ್ಕೆ 2ಬಿ ಪ್ರವರ್ಗದ ಶೇಕಡ 4 ಇದೆ. 2023ರ ಮಾರ್ಚ್‌ನಲ್ಲಿ ಅದನ್ನು ಕಿತ್ತುಹಾಕುವ ಆದೇಶ ಹೊರಟಾಗ ನಾವೆಲ್ಲ ಪ್ರತಿಭಟಿಸಿದೆವು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆದೇಶ ಜಾರಿಯಾಗದೆ ನಿಂತಿತು. ಪ್ರತಿಭಟಿಸಿದ್ದು ಸರಿ. ಆದರೆ ಇಷ್ಟು ವರ್ಷ ಆ ಸೀಟುಗಳಲ್ಲಿ ಓದಿದ ನಮ್ಮ ಡಾಕ್ಟರುಗಳು ಈಗ ಎಲ್ಲಿದ್ದಾರೆ ಎಂದು ಯಾರೂ ಪಟ್ಟಿ ಮಾಡಲಿಲ್ಲ. ಸೀಟು ಕೊಡುವಾಗ ಊರಿನ ಹೆಸರು, ಶಾಲೆಯ ಸರ್ಟಿಫಿಕೇಟು, ತಹಶೀಲ್ದಾರರ ಸಹಿ ಎಲ್ಲ ಕೇಳುತ್ತಾರೆ. ಓದು ಮುಗಿದ ದಿನ ಆ ಊರಿನ ಹೆಸರು ಕಡತದಲ್ಲೇ ಉಳಿಯುತ್ತದೆ. ಹಿಂದುಳಿದ ಪ್ರದೇಶದ ಹೆಸರಿನಲ್ಲಿ ಸಿಕ್ಕ ಸೀಟು ಒಂದು ಮನೆಯನ್ನು ಮುಂದೆ ತರುತ್ತದೆ, ಪ್ರದೇಶ ಹಾಗೇ ಹಿಂದುಳಿಯುತ್ತದೆ.

ಊರಿನ ಮಗುವೇ ಏಕೆ ಬೇಕು ಎಂದು ಕೇಳುವವರಿದ್ದಾರೆ. ಕೆಲಸ ಗೊತ್ತಿದ್ದರೆ ಸಾಲದೇ ಎಂಬ ಅವರ ಪ್ರಶ್ನೆ ತಪ್ಪಲ್ಲ. ಕತೆ ಬರೆಯುವವನಾಗಿ ನನಗೆ ಇದಕ್ಕೆ ಸಿಗುವ ಉತ್ತರ ಭಾಷೆಯಲ್ಲಿದೆ. ರಾಯಚೂರು ಕಡೆಯ ನಮ್ಮ ಹೆಂಗಸರು ದಖ್ಖನಿಯಲ್ಲಿ ‘ಜೀ ಘಬ್ರಾರಾ’ ಎನ್ನುತ್ತಾರೆ. ಅದು ಬರೀ ಗಾಬರಿಯಿರಬಹುದು, ರಕ್ತ ಕಡಿಮೆಯಾಗಿರಬಹುದು, ಹೃದಯದ ತೊಂದರೆಯ ಮೊದಲ ಸೂಚನೆಯೂ ಇರಬಹುದು. ‘ಹಾತಾಂ ಪಾವಾಂ ಝನ್‌ಝನಾರೆ’ ಎಂದರೆ ಸಕ್ಕರೆ ಕಾಯಿಲೆ ನರಗಳಿಗೆ ಇಳಿದಿರಬಹುದು. ಅದೇ ಬೀದಿಯ ಕನ್ನಡದ ಹೆಣ್ಣುಮಗಳು ‘ಎದಿ ಹಿಡದಂಗ ಆಗ್ತದ’, ‘ಕೈಕಾಲು ಜೋಮು ಹಿಡೀತಾವ’ ಎನ್ನುತ್ತಾಳೆ. ಹೊರಗಿನಿಂದ ಬಂದ ಡಾಕ್ಟರ್ ಜೊತೆಗಿದ್ದ ಗಂಡನನ್ನೋ ಮಗನನ್ನೋ ಕೇಳಿ ಇದರ ಅರ್ಥ ತಿಳಿಯಬೇಕು. ಗಂಡನೆದುರು ಹೇಳಲಾಗದ ನೋವು ಅಲ್ಲೇ ನಿಂತುಬಿಡುತ್ತದೆ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನರು ‘ತಾಯಿ ಮಗು’ವಿನಂಥ ಪುಸ್ತಕಗಳನ್ನು ಕನ್ನಡದಲ್ಲಿ ಬರೆದಾಗ ಅವು ಮನೆಮನೆಗೆ ಹೋದದ್ದು, ಹೇಳಲಾಗದ್ದನ್ನು ಹೆಂಗಸಿನ ಮಾತಿನಲ್ಲೇ ಹೇಳಿದ್ದರಿಂದ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸುತ್ತಿತ್ತು. ಅದಕ್ಕಾಗಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆಯೇ ಇತ್ತು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ರಾಜ್ಯದಲ್ಲಿದ್ದವು. ನಮ್ಮ ಉರ್ದು ಪ್ರೇಮಿಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ರಾಯಚೂರಿನ ಕನ್ನಡದ ಹುಡುಗನಿಗೆ ಆ ಉರ್ದು ಇಂಗ್ಲಿಷಿನಷ್ಟೇ ದೂರವಾಗಿತ್ತು ಎಂಬುದನ್ನು ಹೇಳುವುದಿಲ್ಲ. ಪಾಠದ ಭಾಷೆ ಯಾವುದೇ ಇರಲಿ, ರೋಗಿಯ ಭಾಷೆ ಗೊತ್ತಿರುವ ಮಗುವನ್ನು ಆರಿಸುವುದು ಬೇರೆಯದೇ ಕೆಲಸ.

ಹಲ್ಲಿನ ಡಾಕ್ಟರುಗಳ ವಿಷಯ ಈ ಎಲ್ಲ ಚರ್ಚೆಯಲ್ಲಿ ಮೂಲೆಗೆ ಬಿದ್ದಿದೆ. ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳು ನಲವತ್ತರ ಮೇಲಿವೆ. ಅವುಗಳಲ್ಲಿ ಸರ್ಕಾರಿ ಕಾಲೇಜುಗಳು ಬೆರಳೆಣಿಕೆಯಷ್ಟು. ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟಿನಲ್ಲಿ ಓದುವವರಿದ್ದಾರೆ. ಎಂಬಿಬಿಎಸ್ ಸ್ವಲ್ಪದರಲ್ಲಿ ಕೈತಪ್ಪಿದ ನಮ್ಮ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಿಡಿಎಸ್ ಸೇರುತ್ತಾರೆ. ಓದು ಮುಗಿಸಿ ಊರಿಗೆ ಬಂದ ಎಂಬಿಬಿಎಸ್ ಡಾಕ್ಟರ್ ಒಂದು ಮೇಜು, ಒಂದು ಸ್ಟೆತಸ್ಕೋಪು ಇಟ್ಟುಕೊಂಡು ಕೆಲಸ ಶುರು ಮಾಡಬಹುದು. ಹಲ್ಲಿನ ಡಾಕ್ಟರ್ ಹಾಗೆ ಮಾಡಲಾರ. ಅವನಿಗೆ ಡೆಂಟಲ್ ಚೇರ್ ಬೇಕು, ಕಂಪ್ರೆಸರ್ ಬೇಕು, ಎಕ್ಸರೇ ಬೇಕು, ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಬೇಕು, ಕೈಕೊಡದ ಕರೆಂಟು ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವನಿಗೆ ಸಾಮಾನ್ಯವಾಗಿ ಹುದ್ದೆಯೇ ಇಲ್ಲ, ತಾಲೂಕು ಆಸ್ಪತ್ರೆಯಲ್ಲಿ ಹೆಚ್ಚೆಂದರೆ ಒಂದು. ಹೀಗಿರುವಾಗ ಊರಿಗೆ ಹೋಗು ಎಂದರೆ ಯಾವ ಊರಿಗೆ, ಯಾವ ಕುರ್ಚಿಗೆ ಎಂದು ಅವನು ಕೇಳಿದರೆ ಉತ್ತರ ಕೊಡಬೇಕಾದವರು ನಾವು. ಪದವಿ ಹಿಡಿದುಕೊಂಡು ನಗರದ ದೊಡ್ಡ ಕ್ಲಿನಿಕ್ಕಿನಲ್ಲಿ ಸಣ್ಣ ಸಂಬಳಕ್ಕೆ ದುಡಿಯುವವರು, ಕೆಲಸವನ್ನೇ ಬದಲಿಸಿದವರು ನನ್ನ ಪರಿಚಯದಲ್ಲೇ ಇದ್ದಾರೆ.

ಅತ್ತ ಊರಿನ ಬಾಯಿಗಳ ಸ್ಥಿತಿ ನೋಡಿ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿಯಾಗಿ ನೇತಾಡುತ್ತವೆ, ಗಿರಾಕಿ ಕೈಯಲ್ಲೇ ಬೆರೆಸಿಕೊಳ್ಳುತ್ತಾನೆ. ಬಾಯಿ ಪೂರ್ತಿ ತೆರೆಯಲಾಗದ ಇಪ್ಪತ್ತೈದರ ಹುಡುಗರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಬಾಯಿಯ ಒಳಗಿನ ಬಿಳಿ ಕಲೆಯನ್ನು, ಮಾಯದ ಹುಣ್ಣನ್ನು ಮೊದಲು ನೋಡುವವನು ಹಲ್ಲಿನ ಡಾಕ್ಟರ್. ಅವನು ಊರಿನಲ್ಲಿಲ್ಲದಿದ್ದರೆ ಆ ಹುಣ್ಣನ್ನು ಮೊದಲು ನೋಡುವವನು ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ತಜ್ಞ. ಆಗ ತಡವಾಗಿರುತ್ತದೆ.

ಹೆಣ್ಣುಮಕ್ಕಳ ಮಾತು ಬಂತಲ್ಲ, ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆರಿಗೆಗೆ, ಹೆಣ್ಣಿನ ಕಾಯಿಲೆಗೆ ಲೇಡಿ ಡಾಕ್ಟರೇ ಬೇಕೆಂದು ಪಟ್ಟುಹಿಡಿಯುವ ಸಮುದಾಯ ನಮ್ಮದು. ಅದೇ ಸಮುದಾಯ ಡಾಕ್ಟರ್ ಹುಡುಗಿಯನ್ನು ಸೊಸೆಯಾಗಿ ತಂದು ಮನೆಯಲ್ಲಿ ಕೂರಿಸುವುದರಲ್ಲೂ ಮುಂದಿದೆ. ಮದುವೆಯ ಮಾತುಕತೆಯಲ್ಲಿ ಅವಳ ಪದವಿ ಒಂದು ಒಡವೆಯಂತೆ ಎಣಿಕೆಯಾಗುತ್ತದೆ. ನಿಕಾಹ್ ಆದಮೇಲೆ ‘ಬೇಟಿ, ನಮಗೇನು ಕಡಿಮೆಯಾಗಿದೆ, ನೀನು ದುಡಿಯಬೇಕೆ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿಗೆ ಎದುರು ಮಾತಾಡುವುದು ಹುಡುಗಿಗೆ ಕಷ್ಟ. ಆದರೆ ಅವಳ ಓದಿಗೆ ಅತ್ತೆ ಮಾವ ದುಡ್ಡು ಕೊಟ್ಟಿಲ್ಲ, ತವರಿನವರೂ ಪೂರ್ತಿ ಕೊಟ್ಟಿಲ್ಲ. ಸರ್ಕಾರಿ ಸೀಟಿನ ಹುಡುಗಿಯ ಓದಿನ ಬಹುಪಾಲು ವೆಚ್ಚ ಭರಿಸಿದವರು ತೆರಿಗೆ ಕೊಟ್ಟವರು. ಬೆಂಕಿಪೊಟ್ಟಣ ಕೊಂಡ ಕೂಲಿಯವಳೂ ಅದರಲ್ಲಿ ಒಬ್ಬಳು. ಆ ಕೂಲಿಯವಳು ಹೆರಿಗೆಗೆ ಲೇಡಿ ಡಾಕ್ಟರ್ ಇಲ್ಲವೆಂದು ಆಂಬುಲೆನ್ಸಿನಲ್ಲಿ ಜಿಲ್ಲೆಗೆ ಹೋಗುವಾಗ ದಾರಿಯ ಯಾವುದೋ ಮನೆಯೊಳಗೆ ಲೇಡಿ ಡಾಕ್ಟರ್ ರೊಟ್ಟಿ ತಟ್ಟುತ್ತಿರುತ್ತಾಳೆ.

ಇದನ್ನು ನಾನು ಅಮಾನತ್ತು ಎಂದು ಕರೆಯಲು ಬಯಸುತ್ತೇನೆ. ಸಾಲಕ್ಕೂ ಅಮಾನತ್ತಿಗೂ ವ್ಯತ್ಯಾಸ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಸಾಲ ಪಡೆದವನು ಅದಕ್ಕೆ ಸಮನಾದ ದುಡ್ಡು ಹಿಂದಿರುಗಿಸಿದರೆ ಮುಕ್ತ. ಅಮಾನತ್ತಿನಲ್ಲಿ ಇಟ್ಟ ವಸ್ತುವನ್ನೇ, ಇಟ್ಟವರಿಗೇ ಒಪ್ಪಿಸಬೇಕು. ಡಾಕ್ಟರ ಕೈಗುಣವನ್ನು 15 ಲಕ್ಷ ಕೊಟ್ಟು ತೀರಿಸಲಾಗದು. ಝಕಾತಿನ ವಿಷಯದಲ್ಲೂ ಒಂದು ಊರಿನ ಝಕಾತ್ ಮೊದಲು ಆ ಊರಿನ ಬಡವರಿಗೆ ಸಲ್ಲಬೇಕು, ತಕ್ಕ ಕಾರಣವಿಲ್ಲದೆ ಹೊರಗೆ ಸಾಗಿಸಬಾರದು ಎಂಬುದು ಫಿಕ್ಹ್ ಪಂಡಿತರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಊರಿನ ಝಕಾತಿನಿಂದ, ಅಂಜುಮನ್ನಿನ ಸ್ಕಾಲರ್‌ಶಿಪ್ಪಿನಿಂದ, ಸರ್ಕಾರದ ‘ಅರಿವು’ ಸಾಲದಿಂದ ಓದಿದ ಮಗುವಿಗೆ ಈ ಮಾತು ಅನ್ವಯಿಸುವುದಿಲ್ಲವೇ ಎಂದು ನಮ್ಮ ಆಲಿಮರು ಜುಮಾದ ಬಯಾನಿನಲ್ಲಿ ಒಮ್ಮೆಯಾದರೂ ಕೇಳಬಹುದಿತ್ತು.

ಕೇಳುವ ಬದಲು ನಾವು ಸನ್ಮಾನ ಮಾಡುತ್ತೇವೆ. ಇಂಥ ಸಮಾರಂಭಗಳಿಗೆ ಕತೆಗಾರನೆಂದು ನನ್ನನ್ನೂ ಕರೆಯುತ್ತಾರೆ. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಪಡೆದ ಮಕ್ಕಳಿಗೆ ಶಾಲು, ಮೊಮೆಂಟೊ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲಿನ ಹಿರಿಯರು ‘ಸಮುದಾಯದ ಹೆಸರು ದೇಶವಿದೇಶದಲ್ಲಿ ಬೆಳಗಿಸು’ ಎಂದು ಹರಸುತ್ತಾರೆ. ಒಂದು ಊರಿನಲ್ಲಿ ಹೀಗೆ ಹರಸಿದ ಕಮಿಟಿಯ ಅಧ್ಯಕ್ಷರು ಕೆಳಗಿಳಿದು ಬಂದು, ತಮ್ಮ ತಾಯಿಯ ಮಂಡಿನೋವಿಗೆ ಪ್ರತಿ ತಿಂಗಳು ಹೈದರಾಬಾದಿಗೆ ಹೋಗಬೇಕಾಗಿದೆ ಎಂದು ನನ್ನ ಹತ್ತಿರ ದೂರಿದರು. ಅವರಿಗೆ ತಮ್ಮ ಹರಕೆಗೂ ದೂರಿಗೂ ಸಂಬಂಧ ಕಾಣಲಿಲ್ಲ.

ಮರಳದ ಮಕ್ಕಳ ಮೇಲೆ ಎಲ್ಲ ಭಾರ ಹೊರಿಸುವುದೂ ಸರಿಯಲ್ಲ. ಸೋರುವ ಕ್ವಾರ್ಟರ್ಸು, ಮಕ್ಕಳಿಗೆ ಶಾಲೆಯಿಲ್ಲದ ಊರು, ಗುತ್ತಿಗೆ ಕೆಲಸ, ರೋಗಿ ಸತ್ತರೆ ಡಾಕ್ಟರನ ಮೇಲೆ ಕೈಮಾಡುವ ಜನ, ಇವೆಲ್ಲ ನಿಜ. ಬಡಮನೆಯ ಮಗನಿಗೆ ಇನ್ನೂ ಒಂದು ಭಾರವಿದೆ. ಅವನ ದುಡಿಮೆಗಾಗಿ ತಂದೆಯ ಆಸ್ಪತ್ರೆ ಖರ್ಚು, ತಂಗಿಯ ಮದುವೆ, ‘ಅರಿವು’ ಸಾಲದ ಕಂತು ಸಾಲುಗಟ್ಟಿ ನಿಂತಿರುತ್ತವೆ. ಅವನಿಗೆ ತ್ಯಾಗದ ಕತೆ ಹೇಳುವುದು ಕ್ರೌರ್ಯ. ಅವನು ಕೇಳುವುದು ಊರಿನಲ್ಲೇ ಮರ್ಯಾದೆಯಿಂದ ಬದುಕಲು ಸಾಕಾಗುವಷ್ಟು ಆದಾಯ.

ಆ ಆದಾಯಕ್ಕೆ ಸರ್ಕಾರ ಮಾಡಬೇಕಾದದ್ದು ಸರ್ಕಾರದ್ದು. 371(ಜೆ) ಮತ್ತು ಗ್ರಾಮೀಣ ಕೋಟಾದ ಸೀಟು ಪಡೆದವರಿಗೆ ಪ್ರವೇಶದ ದಿನವೇ ಅವರ ತಾಲೂಕಿನ ಹುದ್ದೆಯನ್ನು ಗೊತ್ತುಮಾಡಿ, ಒಂದು ವರ್ಷದ ಬದಲು ಐದಾರು ವರ್ಷದ ಖಾಯಂ ನೌಕರಿಯಾಗಿ ಕೊಡುವುದು ಅಸಾಧ್ಯವೇನಲ್ಲ. ತಾಲೂಕು ಆಸ್ಪತ್ರೆಯ ಕೆಳಗೆ ಇರುವ ಕೇಂದ್ರಗಳಿಗೂ ದಂತವೈದ್ಯರ ಹುದ್ದೆ ಮಂಜೂರಾಗಬೇಕು. ನಮ್ಮ ಕೈಯಲ್ಲಿರುವ ಕೆಲಸ ಬೇರೆ. ಬಹುತೇಕ ತಾಲೂಕು ಊರುಗಳಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರವೋ ಮಾರ್ಕೆಟ್ಟಿನಲ್ಲೋ ಮಸೀದಿಯ ಅಥವಾ ವಕ್ಫಿನ ಅಂಗಡಿ ಸಾಲುಗಳಿವೆ. ಅವುಗಳ ಬಾಡಿಗೆ ಹಲವು ಕಡೆ ಬಹಳ ಹಳೆಯ ದರದಲ್ಲಿದೆ, ಒಬ್ಬರ ಹೆಸರಿನಲ್ಲಿ ಹಿಡಿದು ಇನ್ನೊಬ್ಬರಿಗೆ ಒಳಬಾಡಿಗೆ ಕೊಡುವವರೂ ಇದ್ದಾರೆ. ಅಂಥ ಒಂದು ಮಳಿಗೆ ಖಾಲಿಯಾದಾಗ ಊರಿನ ಸ್ಕಾಲರ್‌ಶಿಪ್ಪಿನಲ್ಲಿ ಓದಿದ ಹಲ್ಲಿನ ಡಾಕ್ಟರಿಗೆ, ಆಕೆ ಹೆಣ್ಣುಮಗಳಾದರೆ ಇನ್ನೂ ಮೊದಲು, ಅದೇ ಬಾಡಿಗೆಗೆ ಬರೆದುಕೊಡಬಹುದು. ಚೇರ್ ಮತ್ತು ಕಂಪ್ರೆಸರ್‌ಗೆ ಬಡ್ಡಿಯಿಲ್ಲದ ಕರ್ಜೆ ಹಸನ್ ಕೊಡಬಹುದು, ಅಂಗಡಿಕಾರರು ಸೇರಿದರೆ ಆ ಮೊತ್ತ ಒಂದು ರಂಜಾನಿನಲ್ಲಿ ಕೂಡುತ್ತದೆ. ವಾರಕ್ಕೆ ಒಂದು ದಿನ ಬಡವರ ಬಾಯಿ ಪರೀಕ್ಷೆ ಉಚಿತ ಎಂದು ಕರಾರಿನಲ್ಲೇ ಬರೆಯಬಹುದು. ಮಳಿಗೆಗೆ ಬೇಕಾದದ್ದು ಒಂದು ನೀರಿನ ನಲ್ಲಿ, ಚರಂಡಿಗೆ ಸೇರುವ ಒಂದು ಪೈಪು, ಹೆಂಗಸರು ಕೂರಲು ಪರದೆಯಿರುವ ಒಂದು ಮೂಲೆ, ಮತ್ತು ಡಾಕ್ಟರ ಹೆಸರು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದ ಒಂದು ಬೋರ್ಡು.